ಪಿಂಡದ ಕಾಗೆಯ ಪಥ್ಯ

ಹೊಳೆದಂಡೆಯಲ್ಲಿ ತಿಥಿಯ ಪಿಂಡ ತಿಂದೇ ಬದುಕಿದ ಕಾಗೆಯೊಂದಿತ್ತು. ಮೈ ಬೆಳೆದು ಮರ ಏರಲಾರದೆ, ಹಗಲೆಲ್ಲ ಹೊಳೆಯ ಮೆಟ್ಟಿಲ ಮೇಲೆಯೇ ತೂಕಡಿಸುತ್ತಿತ್ತು.

“ಒಂದು ಹೊತ್ತು ಉಪವಾಸವಿರು. ದಿನಾ ಆಚೆ ದಡಕ್ಕೆ ಹಾರಿ ಬಾ,” ಎಂದಿತು ಮಿಂಚುಳ್ಳಿ.

“ಆಗಲಿ, ಇಂದಿನಿಂದಲೇ,” ಎಂದಿತು ಕಾಗೆ.

ಅಂದು ಒಬ್ಬ ಮಗ ತಂದೆಗೆ ಪಿಂಡವಿಟ್ಟು ಕೈಮುಗಿದ. ಕಾಗೆ ಮುಟ್ಟಲಿಲ್ಲ. ಅಪ್ಪನಿಗೆ ಏನೋ ಅತೃಪ್ತಿಯೆಂದು ಮಗ ಪಕ್ಕದಲ್ಲಿ ವಡೆ ಇಟ್ಟ. ಕಾಗೆ ಮುಖ ತಿರುಗಿಸಿತು. ಮಗ ಕಣ್ಣೊರೆಸಿಕೊಂಡು ತುಪ್ಪ ಸುರಿದ ಹೋಳಿಗೆ ಇಟ್ಟ.

“ಹಾರು, ಇಲ್ಲಿ ನಿಲ್ಲಬೇಡ,” ಎಂದಿತು ಮಿಂಚುಳ್ಳಿ.

“ನನ್ನ ಪಥ್ಯಕ್ಕಾಗಿ ಅವನ ತಂದೆ ಹಸಿದಿರಬೇಕೇ? ಪಥ್ಯ ನಾಳೆಯಿಂದ,” ಎಂದ ಕಾಗೆ ಎಲ್ಲವನ್ನೂ ಮುಗಿಸಿತು.

ಬೇಡವೆಂದಷ್ಟೂ ಎಲೆ ತುಂಬುತ್ತದೆಂದು ಅದಕ್ಕೆ ತಿಳಿದುಹೋಯಿತು. ಅಂದಿನಿಂದ ತಪ್ಪದೆ ಪಥ್ಯ ಹಿಡಿಯಿತು, ಹೋಳಿಗೆ ಬರುವವರೆಗೆ.

ಒಂದು ದಿನ ಅದು ಹಾಗೆಯೇ ಮುಖ ತಿರುಗಿಸಿ ಕೂತಿದ್ದಾಗ ಬೆಕ್ಕು ಬಂತು. ಕಾಗೆ ರೆಕ್ಕೆ ಬಡಿಯಿತು, ಮೈ ಏಳಲಿಲ್ಲ. ಬೆಕ್ಕು ಅದನ್ನು ಕಚ್ಚಿಕೊಂಡು ಹೋಯಿತು.

ಅಂದು ತಾಯಿಗೆ ಪಿಂಡವಿಟ್ಟವರು ಅತ್ತ ಒಮ್ಮೆ ನೋಡಿ, ಮತ್ತೆ ಕೈಮುಗಿದು ಕಾ ಕಾ ಎಂದು ಕರೆದರು. ಸಣಕಲು ಕಾಗೆಯೊಂದು ಇಳಿದು ಪಿಂಡ ಕುಕ್ಕಿತು.

“ಸದ್ಯ, ಅಮ್ಮನಿಗೆ ತೃಪ್ತಿಯಾಯಿತು,” ಎಂದು ಅವರು ಊಟಕ್ಕೆದ್ದರು.