ತಳ ಮುಟ್ಟಿ ಈಜಿದ ಜಲವೀರ

ಹೊಳೆಯೊಂದು ಎರಡಾಗಿ ಸೀಳಿ, ನಡುವೆ ಒಂದು ಗಡ್ಡೆಯನ್ನು ಬಿಟ್ಟು, ಮತ್ತೆ ಒಂದಾಗಿ ಹರಿಯುವ ಜಾಗದಲ್ಲಿ ಹಿರಿಹೊಳೆ ಎಂಬ ರಾಜ್ಯವಿತ್ತು. ಬೊಮ್ಮರಸ ಅದರ ದೊರೆ. ಈ ದಡದಲ್ಲಿ ಅರಮನೆ, ಪೇಟೆ, ಉಗ್ರಾಣ. ನಡುವಿನ ಗಡ್ಡೆಯ ಮೇಲೆ ಜಾಲಿಗಡ್ಡೆ ಎಂಬ ಹಳ್ಳಿ. ಬೇಸಿಗೆಯಲ್ಲಿ ಆ ಹಳ್ಳಿಗೆ ಒಂದು ಕಡೆ ಮೊಣಕಾಲುದ್ದ ನೀರಿನಲ್ಲಿ ನಡೆದು ಹೋಗಬಹುದಿತ್ತು, ಉಳಿದೆಡೆ ಆಗಲೂ ಆಳದ ಮಡುಗಳಿದ್ದವು. ಮಳೆಗಾಲದಲ್ಲಿ ಅದು ಕಣ್ಣಿಗೆ ಕಂಡರೂ ಕೈಗೆ ಸಿಗುತ್ತಿರಲಿಲ್ಲ.

ಆ ರಾಜ್ಯದಲ್ಲೊಂದು ಪದ್ಧತಿಯಿತ್ತು, ಗಮನವಿಟ್ಟು ಕೇಳಿ. ಮೊದಲ ನೆರೆ ಬಂದಾಗ ಹೊಳೆ ಬೇರುಸಹಿತ ಮರಗಳನ್ನು ಹೊತ್ತು ತರುತ್ತದೆ. ಮುಂಚೆಯೇ ಹಗ್ಗ ಕಟ್ಟಿಟ್ಟರೆ ಆ ಮರಗಳು ಅದನ್ನು ಹರಿದುಹಾಕುತ್ತವೆ. ಆದ್ದರಿಂದ ಮರಗಳು ಸಾಗಿಹೋದ ಮೇಲೆ, ನೆರೆ ಇನ್ನೂ ಇಳಿಯದಿರುವಾಗಲೇ, ಒಬ್ಬ ಈಜುಗಾರ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಈ ದಡದಿಂದ ಗಡ್ಡೆಗೆ ಈಜಬೇಕು. ಆ ಹಗ್ಗವನ್ನು ಹಿಡಿದು ಹರಗೋಲು ಹೋಗುತ್ತದೆ. ಹರಗೋಲಿನಲ್ಲಿ ಜೋಳ ಹೋಗುತ್ತದೆ, ಔಷಧ ಹೋಗುತ್ತದೆ, ಸೂಲಗಿತ್ತಿ ಹೋಗುತ್ತಾಳೆ. ಹೊಳೆಯ ಸೆಳೆತ ಗಡ್ಡೆಯತ್ತ ಬಾಗಿದ್ದರಿಂದ ಆ ಕಡೆಯವರು ಈ ಕಡೆಗೆ ಈಜುವಂತಿರಲಿಲ್ಲ. ಈ ಒಂದು ಕೆಲಸಕ್ಕಾಗಿ ರಾಜ್ಯವು ಈಜುಗಾರರನ್ನು ವರ್ಷವಿಡೀ ಸಾಕುತ್ತಿತ್ತು. ಅವರಿಗೆ ತುಪ್ಪ ಕೊಟ್ಟಿತು, ಮನೆ ಕೊಟ್ಟಿತು, ಮರ್ಯಾದೆ ಕೊಟ್ಟಿತು. ಅವರು ಪ್ರತಿ ಬೆಳಗ್ಗೆ ಹೊಳೆಗೆ ಬಿದ್ದು ಋಣ ತೀರಿಸುತ್ತಿದ್ದರು.

ಅವರಲ್ಲಿ ಮೊದಲಿಗ ಕದಿರಪ್ಪ. ಅವನು ಹಗ್ಗ ಒಯ್ಯುವ ದಿನ ಇಡೀ ಪೇಟೆ ದಡದಲ್ಲಿ ನಿಲ್ಲುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಅವನ ಕೈ ಗಡ್ಡೆಯ ಕಲ್ಲನ್ನು ಹಿಡಿದಾಗ ಎದ್ದ ಕೂಗು ಮೂರು ಊರಿಗೆ ಕೇಳಿಸುತ್ತಿತ್ತು. ಆಮೇಲೆ ಜನ ಮನೆಗೆ ಹೋಗಿ ವರ್ಷವೆಲ್ಲ ಅದನ್ನೇ ನೆನೆಯುತ್ತಿದ್ದರು.

ಆ ಕೂಗನ್ನು ಕೇಳಿ ಒಬ್ಬನಿಗೆ ಮಾತ್ರ ನಿದ್ದೆ ಬರಲಿಲ್ಲ. ಅವನು ಅರಮನೆಯ ವಿನೋದಾಧಿಕಾರಿ ತಿಪ್ಪರಸಯ್ಯ. ವರ್ಷಕ್ಕೊಮ್ಮೆ ನೋಡಿದರೇ ಇಷ್ಟು ಸಂತೋಷವಾದರೆ ದಿನವೂ ನೋಡಿದರೆ ಎಷ್ಟಾಗಬೇಡ ಎಂದು ಅವನು ದೊರೆಗೆ ಬಿನ್ನವಿಸಿದ. ದೊರೆಗೆ ಲೆಕ್ಕ ಸರಿಯೆನಿಸಿತು. ಅರಮನೆಯ ಕೊಳದ ಸುತ್ತ ಕೂರಲು ಅಟ್ಟಣಿಗೆ ಕಟ್ಟಿಸಿದರು. ಬೆಳಗ್ಗೆ ಒಂದು ಈಜು, ಮಧ್ಯಾಹ್ನ ಒಂದು ಈಜು, ಸಂಜೆ ಒಂದು ಈಜು. ಕದಿರಪ್ಪನಿಗೆ ಜಲವೀರ ಎಂಬ ಬಿರುದು ಬಂತು.

ದಿನಕ್ಕೆ ಮೂರು ಸಲ ಜೀವ ಪಣಕ್ಕಿಡುವುದು ಯಾರಿಂದಲೂ ಆಗದು. ಈಜುಗಾರರು ದಣಿದರು. ದಣಿದವರು ಉಪಾಯ ಹುಡುಕಿದರು. ಮೊದಲು ಈಜುವ ದೂರವನ್ನು ಅರ್ಧ ಮಾಡಿಕೊಂಡರು. ಯಾರೂ ಕೇಳಲಿಲ್ಲ. ಬಳಿಕ ಯಾರು ಗೆಲ್ಲಬೇಕೆಂದು ಮುಂಚೆಯೇ ಮಾತಾಡಿಕೊಂಡರು. ಯಾರೂ ಕೇಳಲಿಲ್ಲ. ಕೊನೆಗೆ, ನೀರು ಆಳವಾಗಿದ್ದರೆ ಜನರಿಗೆ ವೀರರ ಎದೆ ಕಾಣುವುದಿಲ್ಲ, ಬರೀ ತಲೆ ಕಾಣುತ್ತದೆ ಎಂದು ತಿಪ್ಪರಸಯ್ಯನೇ ಕೊಳದ ನೀರನ್ನು ಎದೆಮಟ್ಟಕ್ಕೆ ಇಳಿಸಿದ. ಆಗ ಈಜುಗಾರರು ಕೈ ಬೀಸುತ್ತಾ ತಳದಲ್ಲಿ ನಡೆಯತೊಡಗಿದರು. ಅದನ್ನೂ ಯಾರೂ ಕೇಳಲಿಲ್ಲ.

ಕೇಳುವುದಕ್ಕೆ ನೋಡುವವರಿರಬೇಕಲ್ಲ? ಕದಿರಪ್ಪನ ಮುಖ ಎಣ್ಣೆಯ ಗಡಿಗೆಯ ಮೇಲಿತ್ತು, ಎಲೆಅಡಿಕೆ ಅಂಗಡಿಯ ಬಾಗಿಲ ಮೇಲಿತ್ತು, ಹಸುಗೂಸಿನ ತೊಟ್ಟಿಲ ಮೇಲಿತ್ತು. ಜಲವೀರರು ಈಗ ಊಟಕ್ಕೆ ಕುಳಿತರು ಎಂದು ಡಂಗುರ ಹೊಡೆಯುತ್ತಿದ್ದರು. ಜಲವೀರರು ಈಗ ಕೈ ತೊಳೆದರು ಎಂದೂ ಹೊಡೆಯುತ್ತಿದ್ದರು. ಮದುವೆಗೆ ಅವನು, ನಾಮಕರಣಕ್ಕೆ ಅವನು, ಹೊಸ ಬಾವಿಗೆ ಇಣುಕಿ ನೋಡುವುದಕ್ಕೂ ಅವನು. ಜನ ಕೊಳಕ್ಕೆ ಬೆನ್ನು ಹಾಕಿ ಕುಳಿತು ಚೌಕಾಬಾರ ಆಡುತ್ತಿದ್ದರು. ಇಂದು ಗೆದ್ದವರಾರು ಎಂದು ಮಗು ಕೇಳಿದರೆ, ಇಂದು ಮಂಗಳವಾರ, ಕದಿರಪ್ಪನ ಸರದಿ ಎಂದು ತಾಯಿ ತಲೆಯೆತ್ತದೆ ಹೇಳುತ್ತಿದ್ದಳು. ಚಪ್ಪಾಳೆ ಕಡಿಮೆಯಾಯಿತೆಂದು ತಿಪ್ಪರಸಯ್ಯ ಚಪ್ಪಾಳೆಗೂ ಆಳುಗಳನ್ನು ಇಟ್ಟ.

ಹೀಗೆ ನಡೆದ ಎರಡು ವರ್ಷವೂ ಮಳೆ ತೆಳುವಾಗಿತ್ತು, ನೆರೆ ಬರಲಿಲ್ಲ. ಹೊಳೆ ಯಾರನ್ನೂ ಪರೀಕ್ಷೆಗೆ ಕರೆಯಲಿಲ್ಲ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಘಟ್ಟದ ಕಡೆ ಮೋಡ ಬೇಗನೆ ಕಟ್ಟಿತು. ಜಾಲಿಗಡ್ಡೆಯ ಯಜಮಾನಿ ಹಾಲವ್ವ ಅದನ್ನು ನೋಡಿದಳು. ಮನೆಯೊಳಗೆ ಅವಳ ಮಗಳು ಗುರವ್ವ ಬಸುರಿ. ಮೊದಲ ಹೆರಿಗೆಯಲ್ಲಿ ಸತ್ತು ಬದುಕಿದ್ದ ಹೆಣ್ಣು. ಅವಳನ್ನು ಮನೆಯಿಂದ ಕದಲಿಸುವಂತಿರಲಿಲ್ಲ, ಪೇಟೆಗೆಲ್ಲ ಒಬ್ಬಳೇ ಆದ ಸೂಲಗಿತ್ತಿಯನ್ನು ತಿಂಗಳುಗಟ್ಟಲೆ ಗಡ್ಡೆಯಲ್ಲಿ ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಅವಳ ದಿನ ತುಂಬುವುದು ನೆರೆಯ ನಡುವೆ, ಸೂಲಗಿತ್ತಿ ಇರುವುದು ಹೊಳೆಯ ಈಚೆ ದಡದಲ್ಲಿ. ಹಾಲವ್ವ ಸೀರೆ ಎತ್ತಿಕಟ್ಟಿ ಹೊಳೆ ದಾಟಿದಳು.

ಮೊದಲನೆಯ ಸಲ ಹೋಗಿ, ಈಜುಗಾರರನ್ನು ಹೊಳೆಗೆ ಕಳಿಸಿ ಅಭ್ಯಾಸ ಮಾಡಿಸಿರೆಂದು ತಿಪ್ಪರಸಯ್ಯನನ್ನು ಕೇಳಿದಳು. ಹೊಳೆಯ ದಡದಲ್ಲಿ ಅಟ್ಟಣಿಗೆ ಇಲ್ಲವಲ್ಲಮ್ಮ, ನೋಡುವವರು ಎಲ್ಲಿ ಕೂರಬೇಕು ಎಂದು ಅವನು ನಕ್ಕು ಕಳಿಸಿದ.

ಎರಡನೆಯ ಸಲ ಹೋಗಿ, ಎಲ್ಲರೂ ಬೇಡ, ಕದಿರಪ್ಪನೊಬ್ಬನನ್ನು ಕಳಿಸಿರೆಂದಳು. ಜಲವೀರರಿಗೆ ಹುಣ್ಣಿಮೆಯವರೆಗೆ ಒಂದು ಗಳಿಗೆಯೂ ಬಿಡುವಿಲ್ಲ, ನಾಳೆ ಬಳೆಯಂಗಡಿ ತೆರೆಯುವುದಿದೆ ಎಂದು ಅವನು ಕೊಳದತ್ತ ಕೈ ತೋರಿಸಿದ. ಹಾಲವ್ವ ಹೋಗಿ ಕೊಳದ ಕೆಳಮೆಟ್ಟಿಲಲ್ಲಿ ಕುಳಿತಳು. ಅಷ್ಟು ಹತ್ತಿರ ಕುಳಿತು ನೋಡಿದವರು ಬಹುಕಾಲದಿಂದ ಯಾರೂ ಇರಲಿಲ್ಲ. ಕದಿರಪ್ಪ ಗೆದ್ದು ಮೇಲೆ ಬಂದ. ಅವನ ಮೊಣಕಾಲಿನವರೆಗೆ ಕೆಸರಿತ್ತು. ಅವನ ಹಣೆಯ ವಿಭೂತಿ ಒಣಗಿದ ಹಾಗೆಯೇ ಇತ್ತು.

"ಈಜಿ ಬಂದೆಯೇನಪ್ಪ, ಗದ್ದೆ ನಾಟಿ ಮಾಡಿ ಬಂದೆಯೋ?" ಎಂದಳು ಹಾಲವ್ವ.

ಕದಿರಪ್ಪ ಅತ್ತಿತ್ತ ನೋಡಿದ. "ಸುಮ್ಮನಿರಬೇಕು ಅವ್ವ. ನನ್ನ ಅನ್ನ ಇದು."

"ಅನ್ನ ಕೊಟ್ಟದ್ದು ಯಾವುದಕ್ಕೆ ಅನ್ನುವುದೂ ನೆನಪಿರಲಿ. ನನ್ನ ಮಗಳು ಬಸುರಿ."

ಕದಿರಪ್ಪ ಬಗ್ಗಿ ಮೊಣಕಾಲಿನ ಕೆಸರು ತೊಳೆದುಕೊಂಡ. ಡಂಗುರದವನು ಬಂದು ಅವನನ್ನು ಕರೆದೊಯ್ದ.

ಮೂರನೆಯ ಸಲ ಹಾಲವ್ವ ತಿಪ್ಪರಸಯ್ಯನ ಬಳಿ ಹೋಗಲಿಲ್ಲ. ತುಂಬಿದ ಸಭೆಗೇ ಹೋದಳು. ಬೇಡುವವಳ ಮುಖವನ್ನು ಮನೆಯಲ್ಲಿ ಬಿಟ್ಟು ಹೋದಳು. ಜಲವೀರನಂಥ ಈಜುಗಾರ ಹದಿನಾಲ್ಕು ಲೋಕದಲ್ಲಿಲ್ಲವೆಂದು ಹೊಗಳಿದಳು. ಅವನಿಗೆ ಜಾಲಿಗಡ್ಡೆಯವರು ಒಂದು ಗೌರವ ಮಾಡಬೇಕೆಂದಿದ್ದಾರೆ ಎಂದಳು. ಕೊಳವನ್ನು ಮೇಲಿನ ಮೆಟ್ಟಿಲವರೆಗೆ ತುಂಬಿಸಬೇಕು. ಗಡ್ಡೆಯವರು ನೀರಿನ ತುಂಬ ದೀಪ ತೇಲಿಬಿಡುತ್ತಾರೆ. ಜಲವೀರ ಆ ದೀಪಗಳ ನಡುವೆ ಈಜಿ ಬಂದು ದೊರೆಗೆ ಆರತಿ ಎತ್ತಬೇಕು. ದೊರೆಯ ಕಣ್ಣು ಅರಳಿತು. ಹೊಸದೇನನ್ನೂ ಕಾಣದೆ ಅವನಿಗೂ ಬೇಸರ ಬಂದಿತ್ತು.

ತಿಪ್ಪರಸಯ್ಯನ ಮುಖ ಮಾತ್ರ ಬಾಡಿತು. ನಿಜ ಹೇಳಿದರೆ ಅಧಿಕಾರ ಹೋಗುತ್ತದೆ, ಹೇಳದಿದ್ದರೆ ಕೊಳ ತುಂಬುತ್ತದೆ.

"ಮಹಾಪ್ರಭು, ನೀರು ತುಂಬಿದರೆ ಮೆಟ್ಟಿಲು ಪಾಚಿಗಟ್ಟುತ್ತದೆ," ಎಂದ.

"ಉಜ್ಜುವುದಕ್ಕೆ ನಮ್ಮ ಹೆಂಗಸರು ಬರುತ್ತಾರೆ ಬುದ್ಧಿ," ಎಂದಳು ಹಾಲವ್ವ.

"ಜಲವೀರರಿಗೆ ಸ್ವಲ್ಪ ನೆಗಡಿ."

"ಬೆಳಗ್ಗೆ ಡಂಗುರದಲ್ಲಿ ಆರೋಗ್ಯವಾಗಿದ್ದಾರೆ ಎಂದು ಸಾರಿದರಲ್ಲ."

"ದೀಪದ ಬಿಸಿಗೆ ಅವರ ಮೀಸೆ ಸುಡಬಹುದು."

ಸಭೆ ನಕ್ಕಿತು. "ಮೀಸೆ ಸುಟ್ಟರೆ ಮತ್ತೆ ಬೆಳೆಯುತ್ತದೆ ತಿಪ್ಪರಸಯ್ಯ," ಎಂದ ದೊರೆ. "ತೂಬು ತೆಗೆಸು."

ತೂಬು ತೆಗೆದರು. ಕೊಳ ತುಂಬಿತು. ನಿಗದಿಯಾದ ಸಂಜೆ ದೀಪಗಳು ತೇಲಿದವು. ಬಹಳ ದಿನಗಳ ಮೇಲೆ ಜನ ಚೌಕಾಬಾರದ ಕವಡೆಗಳನ್ನು ಚೀಲಕ್ಕೆ ಹಾಕಿ ನೀರಿನ ಕಡೆ ತಿರುಗಿ ಕುಳಿತರು. ಹಾಲವ್ವ ತನ್ನ ಊರಿನ ಗಂಡಸರ ಕೈಯಲ್ಲಿ ಉದ್ದದ ಬಿದಿರುಗಳನ್ನು ಕೊಟ್ಟು ಮೆಟ್ಟಿಲ ಮೇಲೆ ನಿಲ್ಲಿಸಿದ್ದಳು. ದೀಪ ಸರಿಸುವುದಕ್ಕೆ ಎಂದು ಕೇಳಿದವರಿಗೆ ಹೇಳಿದಳು.

ಬೆಳ್ಳಿಯ ಉಡಿದಾರ ತೊಟ್ಟು, ಹೊಟ್ಟೆಯನ್ನು ಒಳಗೆಳೆದುಕೊಂಡು ಕದಿರಪ್ಪ ಇಳಿದ. ಒಂದು ಮೆಟ್ಟಿಲು ಇಳಿದ, ನೀರು ಮೊಣಕಾಲಿಗೆ ಬಂತು. ಮತ್ತೊಂದು ಇಳಿದ, ಸೊಂಟಕ್ಕೆ ಬಂತು. ಇನ್ನೊಂದು ಇಳಿದ, ಎದೆಗೆ ಬಂತು. ಅಭ್ಯಾಸಬಲದಿಂದ ಕೈ ಬೀಸಿ ಹೆಜ್ಜೆ ಹಾಕಿದ. ಹೆಜ್ಜೆಗೆ ನೆಲ ಸಿಗಲಿಲ್ಲ.

ಈಜು ಮರೆಯುವ ವಿದ್ಯೆಯಲ್ಲ. ಅವನೂ ಅದನ್ನು ಮರೆತಿರಲಿಲ್ಲ. ಆದರೆ ತೋಳಿನಲ್ಲಿ ಕಸುವಿರಲಿಲ್ಲ, ಎದೆಯಲ್ಲಿ ದಮ್ಮಿರಲಿಲ್ಲ, ಸೊಂಟದ ಬೆಳ್ಳಿ ಕೆಳಗೆ ಎಳೆಯುತ್ತಿತ್ತು. ಕೊಳದ ನಡುವಿನವರೆಗೆ ಹೇಗೋ ಹೋದ. ಅಲ್ಲಿ ಉಸಿರು ಕಟ್ಟಿತು. ಮುಳುಗಿದ, ಎದ್ದ. ಮುಳುಗಿದ, ಎದ್ದ. ಮೂರನೆಯ ಸಲ ಎದ್ದವನು, ಹಿಡಿಯಿರಿ ಎಂದು ಕೂಗಿದ. ಅವನು ನೀರು ಬಡಿಯುವುದನ್ನು ಕಂಡು, ಸಂಬಳದ ಚಪ್ಪಾಳೆಯವರು ತಮ್ಮ ಕರ್ತವ್ಯವೆಂದು ಜೋರಾಗಿ ಚಪ್ಪಾಳೆ ತಟ್ಟಿದರು. ಜಾಲಿಗಡ್ಡೆಯವರು ಬಿದಿರು ಚಾಚಿ ಅವನನ್ನು ಎಳೆದು ಹಾಕಿದರು.

ದೊರೆ ಅಟ್ಟಣಿಗೆಯಿಂದ ಇಳಿದು ಬಂದ. ಇದೇನೆಂದು ಕೇಳಿದ. ಕದಿರಪ್ಪ ಕೆಮ್ಮುತ್ತಾ ನೀರು ಕಕ್ಕಿ, ತಲೆ ತಗ್ಗಿಸಿ, ಹೇಳಿದ: "ಬುದ್ಧಿ, ಎರಡು ವರ್ಷದಿಂದ ನಾನು ಈಜಿಲ್ಲ. ನಡೆದಿದ್ದೇನೆ."

ಅಟ್ಟಣಿಗೆಯಲ್ಲಿ ಯಾರೂ ನಗಲಿಲ್ಲ. ತಾವು ಬೆನ್ನು ಹಾಕಿ ಕುಳಿತದ್ದು ಅವರಿಗೂ ನೆನಪಾಗಿರಬೇಕು. ದೊರೆಗೆ ಸಿಟ್ಟು ನೆತ್ತಿಗೇರಿತು. ಈಜುಗಾರರನ್ನೂ ವಿನೋದಾಧಿಕಾರಿಯನ್ನೂ ಒಂದೇ ಬಂಡಿಯಲ್ಲಿ ಗಡಿಪಾರು ಮಾಡಿರೆಂದ. ಹಾಲವ್ವ ಕೈಮುಗಿದು ಅಡ್ಡ ನಿಂತಳು.

"ಇವರನ್ನು ಓಡಿಸಿದರೆ ಹಗ್ಗ ಒಯ್ಯುವವರು ಯಾರು ಬುದ್ಧಿ? ಈಜುಗಾರರನ್ನು ಹೊಳೆಗೆ ಬಿಡಿ. ಮಳೆಗೆ ಇನ್ನೂ ದಿನವಿದೆ, ಮೈ ಬಗ್ಗಿಸಿದರೆ ಬಗ್ಗುತ್ತದೆ. ತಿಪ್ಪರಸಯ್ಯನವರನ್ನು ನಮಗೆ ಕೊಡಿ."

"ನಿಮಗೆ ಯಾಕವ್ವ ಈ ಮನುಷ್ಯ?"

"ಮೊದಲ ಮಳೆ ಬಿದ್ದ ದಿನ ಬಂದು ನಮ್ಮಲ್ಲೇ ಇರಲಿ. ಮಳೆಗಾಲ ಮುಗಿಯುವವರೆಗೆ ನಮ್ಮ ಅತಿಥಿ. ನಾವು ಉಂಡದ್ದನ್ನು ಉಣ್ಣಲಿ, ನಾವು ಉಪವಾಸವಿದ್ದರೆ ಅವರೂ ಇರಲಿ."

ಹಾಗೆಯೇ ಆಗಲಿ ಎಂದ ದೊರೆ.

ಮಾರನೆಯ ಬೆಳಗ್ಗೆ ಕದಿರಪ್ಪ ಹೊಳೆಗೆ ಬಂದಾಗ ತಿಪ್ಪರಸಯ್ಯ ಅವನಿಗಿಂತ ಮುಂಚೆ ಬಂದು ಬರೀ ಬಂಡೆಯ ಮೇಲೆ ಕುಳಿತಿದ್ದ. ಎಣ್ಣೆಯ ವ್ಯಾಪಾರಿ ಬಂದು ಜಲವೀರರ ಹೊಸ ಚಿತ್ರ ಬೇಕೆಂದ. ತಿಪ್ಪರಸಯ್ಯ ಅವನನ್ನು ಅಟ್ಟಿದ. ಮದುವೆ ಮನೆಯವರು ಬಂದು ಧಾರೆಗೆ ಜಲವೀರರು ಬರಬೇಕೆಂದರು. ಅವರನ್ನೂ ಅಟ್ಟಿದ. ಪರರಾಜ್ಯದ ದೊರೆ ಬಂದಿದ್ದಾನೆ, ಕೊಳದಲ್ಲಿ ಒಂದೇ ಒಂದು ಆಟ ನಡೆಯಲಿ ಎಂದು ಸ್ವತಃ ಬೊಮ್ಮರಸನೇ ಹೇಳಿ ಕಳಿಸಿದ. ಇದು ಅಭ್ಯಾಸದ ಹೊತ್ತು, ಆಗುವುದಿಲ್ಲವೆಂದು ತಿಪ್ಪರಸಯ್ಯ ಉತ್ತರ ಕಳಿಸಿದ. ಅವನಿಗೆ ಜ್ಞಾನೋದಯವಾಗಿತ್ತೆಂದು ತಿಳಿಯಬೇಡಿ. ಅದು ಹೊಟ್ಟೆಯ ಭಯ. ಹೊಳೆಗೆ ಅಷ್ಟೇ ಸಾಕಾಗಿತ್ತು.

ಕದಿರಪ್ಪ ಮೊದಲ ದಿನ ದಡದಲ್ಲೇ ಏದುಸಿರು ಬಿಟ್ಟ. ಆಮೇಲೆ ಹೊಳೆಯ ಆಳದ ಮಡುವಿನಲ್ಲಿ ಕಾಲುಭಾಗ ಹೋಗಿ ತಿರುಗಿದ. ಆಮೇಲೆ ಅರ್ಧ ಹೋದ. ಅಂಗೈ ಸುಲಿಯಿತು, ಬೊಜ್ಜು ಕರಗಿತು, ಬೆಳ್ಳಿಯ ಉಡಿದಾರ ಸೊಂಟದಿಂದ ಜಾರುವಷ್ಟು ಸಡಿಲವಾಯಿತು. ಅದನ್ನು ಬಿಚ್ಚಿ ಮನೆಯಲ್ಲಿಟ್ಟ. ಇಷ್ಟೂ ದಿನ ಅವನನ್ನು ನೋಡುವುದಕ್ಕೆ ಯಾರೂ ಬರಲಿಲ್ಲ, ಅವನೂ ಯಾರನ್ನೂ ಕರೆಯಲಿಲ್ಲ.

ಮೊದಲ ಮಳೆಗೆ ತಿಪ್ಪರಸಯ್ಯ ಗಂಟು ಹೊತ್ತು ಜಾಲಿಗಡ್ಡೆ ಸೇರಿದ. ಆಷಾಢ ಕಳೆಯುವಷ್ಟರಲ್ಲಿ ಹೊಳೆ ಎರಡೂ ದಡ ನುಂಗಿತು. ಮರಗಳು ಬಂದವು, ಸುಳಿಗೆ ಸಿಕ್ಕಿ ತಿರುಗಿದವು, ಹೋದವು. ಗಡ್ಡೆಯವರು ಕಾಳಿಡುವ ಹಗೇವುಗಳಲ್ಲಿ ಜೋಳ ತಳ ಕಂಡಿತು. ಗುರವ್ವನಿಗೆ ಬೆಳಗಿನಿಂದಲೇ ನೋವು ಶುರುವಾಗಿತ್ತು.

ಕದಿರಪ್ಪ ಹಗ್ಗ ಬಿಗಿದುಕೊಂಡು ನೀರಿಗೆ ಬಿದ್ದ. ಹೊಳೆ ಅವನನ್ನು ಮೂರು ಸಲ ಪಕ್ಕಕ್ಕೆ ಎಸೆಯಿತು. ಮೂರು ಸಲವೂ ಅವನು ಸೆಳೆತದ ಸಾಲಿಗೆ ಮರಳಿ ಬಂದ. ಈ ದಡದಲ್ಲಿ ಪೇಟೆಯೆಲ್ಲ ನಿಂತಿತ್ತು, ಯಾರೂ ಮಾತಾಡಲಿಲ್ಲ. ಆ ದಡದಲ್ಲಿ ತಿಪ್ಪರಸಯ್ಯ ಎದೆಮಟ್ಟ ನೀರಿಗೆ ಇಳಿದು, ನೋಡುವವರು ಎಷ್ಟಿದ್ದಾರೆಂದು ಒಮ್ಮೆಯೂ ತಿರುಗಿ ನೋಡದೆ, ಎರಡೂ ಕೈ ಚಾಚಿ ನಿಂತಿದ್ದ. ಕದಿರಪ್ಪನ ಮಣಿಕಟ್ಟನ್ನು ಮೊದಲು ಹಿಡಿದವನು ಅವನೇ.

ಹಗ್ಗ ಬಿಗಿಯಾಯಿತು. ಮೊದಲ ಹರಗೋಲಿನಲ್ಲಿ ಜೋಳ ಬರಲಿಲ್ಲ, ಸೂಲಗಿತ್ತಿ ಬಂದಳು. ದೀಪ ಹಚ್ಚುವ ಹೊತ್ತಿಗೆ ಗುರವ್ವನ ಮನೆಯಿಂದ ಕೂಸಿನ ಅಳು ಕೇಳಿಸಿತು. ತಾಯಿಯೂ ಉಳಿದಳು. ಅಂಗಳದಲ್ಲಿ ಕುಳಿತು ಕಾದಿದ್ದ ಕದಿರಪ್ಪನಿಗೆ ಹಾಲವ್ವ ಒಂದು ಬಿಸಿ ರೊಟ್ಟಿ ಕೊಟ್ಟಳು. ಅವನು ಅದನ್ನು ಮುರಿದು ಅರ್ಧವನ್ನು ತಿಪ್ಪರಸಯ್ಯನಿಗೆ ಕೊಟ್ಟ.

ಕೇಳಿದಿರಲ್ಲ, ಇದರ ನೀತಿಯನ್ನೂ ಕೇಳಿ. ಆಟಗಾರನಿಗೆ ಜನ ಅನ್ನ ಹಾಕುವುದು ಅವನ ದುಡಿಮೆಗಾಗಿ, ಅವನ ಮುಖಕ್ಕಾಗಿ ಅಲ್ಲ. ದಿನವೂ ಮೆರೆಸಿದ ಆಟ ಸವೆಯುತ್ತದೆ, ಅದನ್ನು ಮೆರೆಸಿದವನೂ ಒಂದು ದಿನ ಅದೇ ಆಟಗಾರನ ತೋಳನ್ನು ನಂಬಿ ಆಚೆ ದಡದಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಆಡುವವನು ಮೈ ಮುರಿದು ಆಡಲಿ, ಆಡಿಸುವವನು ಹಿತಮಿತವಾಗಿ ಆಡಿಸಲಿ, ನೋಡುವವರು ಆಟದ ಕಡೆ ಮುಖ ಮಾಡಿ ಕೂರಲಿ. ಕಥೆ ದಡ ಸೇರಿತು, ಕೇಳಿದವರ ಕೈಕಾಲು ಗಟ್ಟಿಯಾಗಿರಲಿ.