ಮೈ ಕೊಡವದ ಹುಂಜ

ಆಷಾಢದ ಮೊದಲ ಮಂಗಳವಾರ. ಮೋಡ ಕವಿದಿತ್ತು, ಗಾಳಿ ಬೀಸುತ್ತಿತ್ತು, ಮಳೆ ಮಾತ್ರ ಬಂದಿರಲಿಲ್ಲವಂತೆ. ಒಂದಾನೊಂದು ಊರಲ್ಲಿ ಕೆಂಚವ್ವ ಅನ್ನುವವಳು ಅವತ್ತು ಮಾರಿಗುಡಿ ಮುಂದೆ ಅಡ್ಡಬಿದ್ದಳಂತೆ. ಅವಳ ಒಬ್ಬಳೇ ಮಗಳು ಮೈತುಂಬ ಅಮ್ಮ ಎದ್ದು ಜ್ವರದಲ್ಲಿ ಬೇಯುತ್ತಿದ್ದಳು.

"ತಾಯಿ, ಮಗೂನ ಉಳಿಸಿಕೊಡು. ಬರೋ ಆಷಾಢಕ್ಕೆ ನನ್ನ ಹಿತ್ತಲಲ್ಲೇ ಬೆಳೆದ ಹುಂಜ ಒಪ್ಪಿಸ್ತೀನಿ."

ಮಗು ಎದ್ದು ಕೂತಿತು.

ಆ ಊರ ಮಾರಿಗೆ ಕೊಂಡು ತಂದ ಕೋಳಿ ಆಗದು. ತೀರ್ಥ ಚಿಮುಕಿಸಿದಾಗ ಕೋಳಿ ಮೈ ಕೊಡವಬೇಕು. ಕೊಡವಿದರೆ ತಾಯಿ ಒಪ್ಪಿದಳು ಅಂತ ಅರ್ಥ. ಕೊಡವದಿದ್ದರೆ ಕೊಟ್ಟದ್ದನ್ನು ವಾಪಸು ಕೇಳುತ್ತಾಳೆ.

ಕೆಂಚವ್ವ ಒಂದು ಹುಂಜದ ಮರಿ ಆರಿಸಿ ಬಿಟ್ಟಳು. ಅತ್ತೆ ಹೊನ್ನಜ್ಜಿ ಕೋಳಿ ಸಾಕುತ್ತಿದ್ದ ರೀತಿಯೇ ಬೇರೆ. ಹಳೇ ಮಡಕೆಗೆ ಸಗಣಿ, ಹುಲ್ಲು ತುಂಬಿ ಸಂಜೆ ಹುತ್ತದ ಮೇಲೆ ಕವುಚಿಟ್ಟರೆ ಬೆಳಿಗ್ಗೆಗೆ ಗೆದ್ದಲು ಮುತ್ತಿರುತ್ತಿತ್ತು. ಅದನ್ನು ಹಿತ್ತಲಲ್ಲಿ ಕೊಡವುವಳು. ಮೇಲೊಂದಿಷ್ಟು ನುಚ್ಚು, ತೌಡು, ನುಗ್ಗೆ ಸೊಪ್ಪು. "ಮಿಕ್ಕಿದ್ದು ಅದೇ ಕೆದಕಿ ತಿನ್ನಲಿ ಕಣವ್ವ" ಅನ್ನುವಳು.

ಒಂದು ದಿನ ಹೊಳೆಯಾಚೆಯಿಂದ ಕೋಳಿಹಿಟ್ಟಿನ ವ್ಯಾಪಾರಿ ಬಂದನಂತೆ.

"ಏನಕ್ಕ, ಇದು ಹುಂಜವೋ ಗುಬ್ಬಚ್ಚಿಯೋ? ಮಾರಿಗೆ ಬಿಟ್ಟದ್ದಂತೆ, ತಾಯಿ ನೋಡಿದರೆ ನಗ್ತಾಳೆ."

"ನಗಲಿ ಬಿಡಪ್ಪ, ನಮ್ಮನ್ನ ಅಳಿಸದಿದ್ದರೆ ಸಾಕು" ಅಂದಳು ಹೊನ್ನಜ್ಜಿ.

ಕೆಂಚವ್ವನಿಗೆ ಮಾತ್ರ ಮಾತು ನಾಟಿತು. ಮಗಳ ಜೀವಕ್ಕೆ ಗುಬ್ಬಚ್ಚಿ ಕೊಡುವುದೇ? ಮನೆಯ ರಾಗಿ ಅಳೆದು ಕೊಟ್ಟು ಹಿಟ್ಟು ತಗೊಂಡಳು. ಹುಂಜ ತಿಂದಿತು, ಬೆಳೆಯಿತು. ತಿಂದಿತು, ಬೆಳೆಯಿತು. ಕೆದಕುವುದನ್ನು ಬಿಟ್ಟಿತು, ಗೋಡೆ ಹಾರುವುದನ್ನು ಬಿಟ್ಟಿತು. ಹೇಂಟೆಗಳೂ ಅದೇ ಹಿಟ್ಟಿಗೆ ಬಿದ್ದವು. ದಿನಾ ಮೊಟ್ಟೆ ಇಟ್ಟವು. ಕಾವಿಗೆ ಒಂದೂ ಕೂರಲಿಲ್ಲ. ಹೊನ್ನಜ್ಜಿ ತನ್ನದೊಂದು ಚುಕ್ಕೆ ಹೇಂಟೆಯನ್ನು ಬೇರೆ ಮಾಡಿಕೊಂಡಳು.

"ನಿನ್ನ ಹಿಟ್ಟು ಇದಕ್ಕೆ ಬೇಡ ತಾಯಿ."

"ನಿಮ್ಮ ಗೆದ್ದಲು ನಿಮಗೇ ಇರಲಿ ಅತ್ತೆ."

ಅತ್ತೆ ಸೊಸೆಗೆ ಮಾತು ನಿಂತಿತು.

ಆಷಾಢ ಬಂತು. ಕೆಂಚವ್ವ ಹುಂಜವನ್ನು ಹೊತ್ತು, ಮಗಳ ಕೈ ಹಿಡಿದು ಗುಡಿಗೆ ಹೋದಳು. ಪೂಜಾರಿ ಒಂದು ಸಲ ತೀರ್ಥ ಹಾಕಿದ. ಹುಂಜ ಕೂತೇ ಇತ್ತು. ಎರಡು ಸಲ ಹಾಕಿದ. ಕಣ್ಣು ಮುಚ್ಚಿತು. ಮೂರು ಸಲ ಹಾಕಿದ. ರೆಕ್ಕೆ ಜೋಲು ಬಿಟ್ಟಿತು.

"ಏನವ್ವ, ಕೋಳಿ ತಂದೆಯೋ ಕುಂಬಳಕಾಯಿ ತಂದೆಯೋ?" ಅಂದ ಪೂಜಾರಿ. "ಹೊತ್ತು ಮುಳುಗೋದರೊಳಗೆ ಬೇರೆ ತಾ. ಹೇಂಟೆಯಾದರೂ ಆದೀತು. ನಿನ್ನ ಹಿತ್ತಲದ್ದೇ ಆಗಬೇಕು."

ಕೆಂಚವ್ವ ಮಗಳ ಹಣೆ ಮುಟ್ಟಿದಳು. ಸುಡುತ್ತಿತ್ತು.

ಮಗಳನ್ನು ಎತ್ತಿಕೊಂಡು ಮನೆಗೆ ಓಡಿದಳು. ಅತ್ತೆಯ ಮಡಿಲಿಗೆ ಹಾಕಿ, ಒಂದು ಹೇಂಟೆ ಹಿಡಿದು ತಂದಳು. ಅದು ಕೊಡವಲಿಲ್ಲ. ಮತ್ತೆ ಓಡಿದಳು, ಇನ್ನೊಂದು ತಂದಳು. ಅದೂ ಕೊಡವಲಿಲ್ಲ. ಕೊನೆಗೆ ಗುಡಿ ಮೆಟ್ಟಿಲ ಮೇಲೇ ಕುಸಿದು ಕೂತಳು. ಅಷ್ಟರಲ್ಲಿ ಹೊನ್ನಜ್ಜಿ ಬಂದಳು. ಸೊಂಟದ ಮೇಲೆ ಮೊಮ್ಮಗಳು, ಸೆರಗಿನೊಳಗೆ ಚುಕ್ಕೆ ಹೇಂಟೆ. ಪೂಜಾರಿ ತೀರ್ಥಕ್ಕೆ ಕೈ ಅದ್ದಿ ಒಂದು ಹನಿ ಬಿಟ್ಟನೋ ಇಲ್ಲವೋ, ಹೇಂಟೆ ತಲೆಯಿಂದ ಬಾಲದ ತನಕ ಮೈ ಕೊಡವಿತಂತೆ.

ಅದನ್ನು ತಾಯಿಗೆ ಬಲಿ ಕೊಟ್ಟರು. ಮಗಳ ಹಣೆ ತಣ್ಣಗಾಯಿತು.

ಕೆಂಚವ್ವ ಖುಷಿಯಲ್ಲಿ ಮನೆಗೆ ಬಂದು ಒಲೆ ಹಚ್ಚಲು ಹೋದಾಗ, ಅತ್ತೆ ಮಲಗುವ ಮೂಲೆಯ ಕುಕ್ಕೆಯಿಂದ ಸಣ್ಣದಾಗಿ ಟಕಟಕ ಕೇಳಿಸಿತು. ಬಗ್ಗಿ ನೋಡಿದರೆ ಹುಲ್ಲಿನ ಮೇಲೆ ಮೊಟ್ಟೆಗಳು. ಒಂದನ್ನು ಕಿವಿಗಿಟ್ಟಳು. ಒಳಗೆ ಮರಿ ಕುಟ್ಟುತ್ತಿತ್ತು.

"ಅತ್ತೆ! ಕಾವಿಗೆ ಕೂತಿದ್ದನ್ನ ಎಬ್ಬಿಸಿ ತಂದಿರಾ?"

"ನಾಳೆಯೋ ನಾಡಿದ್ದೋ ಒಡೆಯೋದಿತ್ತು."

ಕೆಂಚವ್ವ ಮೊಟ್ಟೆಗಳನ್ನು ಹಿಟ್ಟಿನ ಹೇಂಟೆಗಳ ಹೊಟ್ಟೆಯಡಿ ಇಟ್ಟಳು. ಅವು ಎದ್ದು ಹಿಟ್ಟಿನ ತಟ್ಟೆಗೆ ಹೋದವು. ಹಿಡಿದು ತಂದು ಕೂರಿಸಿದಳು. ಮತ್ತೆ ಎದ್ದು ಹೋದವು. ಬೂದಿಯ ಬಿಸಿ ಕೊಟ್ಟಳು, ಸೀರೆ ಹೊದಿಸಿದಳು, ಎದೆಗೆ ಅವಚಿಕೊಂಡಳು.

"ನಾಲ್ಕು ಮಾತು ಬೈಯಿರಿ ಅತ್ತೆ."

"ಬೈದರೆ ಕಾವು ಬರ್ತದೇನವ್ವ?"

ಕುಟ್ಟುವ ಸದ್ದು ಒಂದೊಂದಾಗಿ ನಿಂತಿತು. ಅವರು ಅಲ್ಲಿ, ನಾವು ಇಲ್ಲಿ. ಆ ಹಿತ್ತಲಲ್ಲಿ ಮತ್ತೆ ಮರಿಯ ದನಿ ಕೇಳಿದವರಿಲ್ಲವಂತೆ.