ಒಣಗದ ಕರಿಹಲಗೆ

"ಬೇಸಿಗೆ ರಜೆ ಅಂತ ಎರಡು ತಿಂಗಳು ಶಾಲೆಗೆ ಬೀಗ! ಮಕ್ಕಳು ಮಗ್ಗಿ ಮರೆಯದೆ ಇನ್ನೇನು ಮಾಡುತ್ತಾರೆ?" ಎಂದು ಜಗಲಿಯಲ್ಲಿ ತೂಗುತ್ತಿದ್ದ ಶಾಲೆಯ ಗಂಟೆ ಗುಡುಗಿತು. "ಆ ರಜೆಯನ್ನು ತುಂಡು ಮಾಡಿ ವರ್ಷವಿಡೀ ಹಂಚಿ. ಹನ್ನೆರಡು ತಿಂಗಳೂ ಮೊಳಗಲು ನಾನು ಸಿದ್ಧ."

ತರಗತಿಯ ಕರಿಹಲಗೆಗೆ ಗಾಬರಿಯಾಯಿತು. "ನನಗೆ ಮಸಿ ಬಳಿಯುವುದೇ ಬೇಸಿಗೆಯಲ್ಲಿ. ಇದ್ದಿಲನ್ನು ತೊಂಡೆಸೊಪ್ಪಿನ ರಸದಲ್ಲಿ ಅರೆದು, ಮೂರು ಸಲ ಬಳಿದು, ಬಿಸಿಲಿಗೆ ಒಣಗಿಸಬೇಕು. ತುಂಡು ರಜೆಯಲ್ಲಿ ಒಣಗುತ್ತೇನೆಯೇ?"

"ಸೋಮಾರಿಗಳ ನೆಪ!" ಎಂದಿತು ಗಂಟೆ.

ಮುಖ್ಯೋಪಾಧ್ಯಾಯ ರುದ್ರಯ್ಯನವರಿಗೆ ಗಂಟೆಯ ಮಾತೇ ಹಿಡಿಸಿತು. ಆ ವರ್ಷ ಬೇಸಿಗೆ ರಜೆ ಇರಲಿಲ್ಲ. ಮಳೆಗಾಲದ ನಾಲ್ಕು ದಿನಗಳ ರಜೆಯಲ್ಲಿ ಹಲಗೆಗೆ ಮಸಿ ಬಳಿದರು. ಐದನೆಯ ದಿನ ಗಂಟೆ ಹುರುಪಿನಿಂದ ಮೊಳಗಿತು. ನೀಲಾಂಬಿಕೆ ಟೀಚರ್ ಏಳರ ಮಗ್ಗಿ ಬರೆಯಲು ಹೋದರೆ ಹಸಿ ಮಸಿ ಸೀಮೆಸುಣ್ಣಕ್ಕೆ ಮೆತ್ತಿಕೊಂಡು ಕಿತ್ತು ಬಂತು. ಒಂದು ಅಂಕಿಯೂ ಮೂಡಲಿಲ್ಲ.

"ಟೀಚರ್, ಏನೂ ಕಾಣ್ತಿಲ್ಲ," ಎಂದರು ಮಕ್ಕಳು.

ರುದ್ರಯ್ಯನವರು ಬಾಗಿಲಲ್ಲಿ ನಿಂತು ಅವರನ್ನೇ ಗದರಿದರು: "ವರ್ಷವಿಡೀ ಶಾಲೆ ಇದ್ದರೂ ನಿಮ್ಮ ತಲೆಗೆ ಹತ್ತುವುದಿಲ್ಲವೇ?"

"ಸರಿಯಾಗಿ ಕೇಳಿದಿರಿ!" ಎಂದು ಹೊರಗಿನಿಂದ ಗಂಟೆ ದನಿಗೂಡಿಸಿತು.

ಹಲಗೆಗೆ ಸಿಟ್ಟು ನೆತ್ತಿಗೇರಿತು. "ಎಲೈ ಗಂಟೆಯೇ, ಈ ಶಾಲೆ ಕಟ್ಟಿದ ದಿನದಿಂದ ಒಂದು ದಿನವೂ ತಪ್ಪದೆ ಹಾಜರಿರುವುದು ನೀನೊಂದೇ. ಹೇಳು ನೋಡೋಣ, ಏಳೆಂಟ್ಲೆ ಎಷ್ಟು?"

ಮಕ್ಕಳೆಲ್ಲ ಜಗಲಿಯ ಕಡೆ ತಿರುಗಿದರು.

"ಢಣ್," ಎಂದಿತು ಗಂಟೆ.